ಸೋತ ದಂಡು ಎಲ್ಲಿಗೆ ಹೋಯಿತು?

ರಕ್ಕಸತಂಗಡಿಯ ಕಾಳಗದ ಬಗ್ಗೆ ಬರೆದ ಯಾವ ಪುಸ್ತಕ ತೆರೆದರೂ ಮೊದಲು ಎದುರಾಗುವುದು ಒಂದೇ ಪ್ರಶ್ನೆ, ವಿಜಯನಗರ ಸೋತದ್ದು ಯಾಕೆ ಎಂಬುದು. ಅದಕ್ಕೆ ಉತ್ತರಗಳು ಬೇಕಾದಷ್ಟಿವೆ. ರಾಮರಾಯನ ಅಹಂಕಾರ ಎನ್ನುವವರಿದ್ದಾರೆ, ಸುಲ್ತಾನರ ಫಿರಂಗಿ ಎನ್ನುವವರಿದ್ದಾರೆ, ಒಳಗಿನವರ ದ್ರೋಹ ಎನ್ನುವವರಂತೂ ಬಹಳ. ಆದರೆ ಇದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಕುಳಿತಿದೆ. ಸೋತ ಮೇಲೆ ಅಷ್ಟು ದೊಡ್ಡ ದಂಡು ಎಲ್ಲಿಗೆ ಹೋಯಿತು? ಕೃಷ್ಣಾ ತೀರದಲ್ಲಿ ಸೋತವರು ರಾಜಧಾನಿಗೆ ಹಿಂದಿರುಗಿ, ಕೋಟೆಯ ಬಾಗಿಲು ಹಾಕಿಕೊಂಡು, ಇನ್ನೊಂದು ಸಲ ಯಾಕೆ ನಿಲ್ಲಲಿಲ್ಲ?

ಸೋತವರು ಓಡುತ್ತಾರೆ, ಅದರಲ್ಲಿ ಕೇಳುವುದೇನು ಎಂದು ನೀವು ಹೇಳಬಹುದು. ಹಾಗಲ್ಲ. ಕಣದಲ್ಲಿ ಸೋಲುವುದು ಬೇರೆ, ಮನೆ ಬಿಟ್ಟು ಹೋಗುವುದು ಬೇರೆ. ಮೊದಲನೆಯದು ಒಂದು ಮಧ್ಯಾಹ್ನದ ಕೆಲಸ. ಎರಡನೆಯದಕ್ಕೆ ಕಾರಣಗಳು ಬಹಳ ಹಿಂದಿನಿಂದ ಕೂಡಿಕೊಂಡು ಬಂದಿರುತ್ತವೆ. ಇತಿಹಾಸ ಬರೆದವರು ಈ ಎರಡನ್ನೂ ಬೆರೆಸಿಬಿಟ್ಟಿದ್ದಾರೆ ಎಂಬುದು ನನ್ನ ದೂರು. ಮೂವತ್ತು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಸಮಾಜ ಹೇಳಿಕೊಡುತ್ತಿರುವ ನನಗೆ ಈ ಬೆರಕೆಯನ್ನು ಬಿಡಿಸಿ ನೋಡಬೇಕೆನಿಸಿದೆ.

ಶಾಲೆ ಬಿಟ್ಟು ಬಹಳ ವರ್ಷವಾದವರಿಗಾಗಿ ಕಥೆಯನ್ನು ಚುಟುಕಾಗಿ ನೆನಪಿಸುತ್ತೇನೆ. 1565ರ ಜನವರಿ 23. ಈಗಿನ ವಿಜಯಪುರ ಜಿಲ್ಲೆಯಲ್ಲಿ, ಕೃಷ್ಣೆಯ ಉತ್ತರ ದಡದ ರಕ್ಕಸಗಿ, ತಂಗಡಗಿ ಎಂಬ ಊರುಗಳ ಹತ್ತಿರ ಕಾಳಗ ನಡೆಯಿತು. ಸುಲ್ತಾನರು ಮೊದಲು ಬೀಡುಬಿಟ್ಟದ್ದು ತಾಳಿಕೋಟೆಯಲ್ಲಿ, ಆದ್ದರಿಂದ ಆ ಹೆಸರೂ ಅಂಟಿಕೊಂಡಿದೆ. ಒಂದು ಕಡೆ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರಿನ ನಾಲ್ವರು ಸುಲ್ತಾನರು. ಇನ್ನೊಂದು ಕಡೆ ಕೃಷ್ಣದೇವರಾಯನ ಅಳಿಯ ರಾಮರಾಯ ಮತ್ತು ಅವನ ಇಬ್ಬರು ತಮ್ಮಂದಿರು, ತಿರುಮಲ ಹಾಗೂ ವೆಂಕಟಾದ್ರಿ. ಹೆಸರಿಗೆ ಚಕ್ರವರ್ತಿಯಾಗಿದ್ದ ಸದಾಶಿವರಾಯ ರಾಜಧಾನಿಯಲ್ಲೇ ಉಳಿದಿದ್ದ, ಬಹುಮಟ್ಟಿಗೆ ಸೆರೆಯಾಳಿನಂತೆ. ರಾಮರಾಯ ಶತ್ರುಗಳ ಕೈಗೆ ಸಿಕ್ಕಿದ, ಅಲ್ಲೇ ಅವನ ತಲೆ ಹೋಯಿತು. ವೆಂಕಟಾದ್ರಿಯೂ ಉಳಿಯಲಿಲ್ಲ. ತಿರುಮಲ ಹಿಂದಿರುಗಿ ಬಂದು, ಬೊಕ್ಕಸವನ್ನೂ ಸದಾಶಿವರಾಯನನ್ನೂ ಕರೆದುಕೊಂಡು ಪೆನುಗೊಂಡೆಗೆ ಹೊರಟುಹೋದ. ಸುಲ್ತಾನರು ಬಂದಾಗ ನಗರ ತೆರೆದೇ ಇತ್ತು.

ಇದರ ಜೊತೆಗೆ ಇನ್ನೊಂದು ಸೋಲನ್ನು ಇಟ್ಟು ನೋಡಿ. 1520ರಲ್ಲಿ ರಾಯಚೂರಿನ ಬಳಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾಯಿತು. ಅಲ್ಲಿ ಸೋತದ್ದು ಬಿಜಾಪುರ, ಅದೂ ಹೀನಾಯವಾಗಿ. ಇಸ್ಮಾಯಿಲ್ ಆನೆಯೇರಿ ಕೃಷ್ಣೆಯನ್ನು ದಾಟಿ ಪಾರಾದ, ಅವನ ಹಿಂದೆ ಬಂದ ಎಷ್ಟೋ ಜನ ಹೊಳೆಯಲ್ಲಿ ಮುಳುಗಿದರು. ಇಷ್ಟಾದರೂ ಬಿಜಾಪುರ ರಾಜ್ಯ ಉಳಿಯಿತು. ನಲವತ್ತೈದು ವರ್ಷದ ಮೇಲೆ ಅದೇ ಮನೆತನದವನು ರಕ್ಕಸತಂಗಡಿಯಲ್ಲಿ ಗೆದ್ದವರ ಸಾಲಿನಲ್ಲಿ ನಿಂತಿದ್ದ. ಅಂದರೆ ಸೈನ್ಯ ದಿಕ್ಕಾಪಾಲಾಗಿ ಓಡಿದ ಮಾತ್ರಕ್ಕೆ ರಾಜ್ಯ ಮುಳುಗಬೇಕಾಗಿಲ್ಲ. ಓಡಿದವರು ಮತ್ತೆ ಒಂದು ಕಡೆ ಕೂಡುತ್ತಾರೆಯೇ ಇಲ್ಲವೇ ಎಂಬುದೇ ಮುಖ್ಯ. ವಿಜಯನಗರದವರು ಕೂಡಲಿಲ್ಲ. ಯಾಕೆ ಎಂಬುದಕ್ಕೆ ನಮ್ಮ ಕೈಗೆ ಸಿಗುವ ಉತ್ತರಗಳನ್ನು ಒಂದೊಂದಾಗಿ ತೂಗೋಣ.

ಮೊದಲನೆಯವನು ಫೆರಿಷ್ತಾ. ಕಾಳಗವಾಗಿ ಸುಮಾರು ನಲವತ್ತು ವರ್ಷದ ಮೇಲೆ ಬಿಜಾಪುರದ ಆಶ್ರಯದಲ್ಲಿ ಕುಳಿತು ಬರೆದವನು, ಗೆದ್ದವರ ಕಡೆಯವನು. ವಯಸ್ಸಾದ ರಾಮರಾಯ ಕುದುರೆ ಹತ್ತದೆ ಪಲ್ಲಕ್ಕಿಯಲ್ಲಿ ಇದ್ದದ್ದು, ಫಿರಂಗಿಗಳಿಗೆ ತಾಮ್ರದ ಕಾಸುಗಳನ್ನು ತುಂಬಿ ಹಾರಿಸಿದ್ದು, ಆನೆಯೊಂದು ನುಗ್ಗಿದಾಗ ಬೋವಿಗಳು ಪಲ್ಲಕ್ಕಿ ಬಿಟ್ಟು ಓಡಿದ್ದು, ಇವೆಲ್ಲ ನಮಗೆ ಅವನಿಂದಲೇ ಬಂದವು. ನಾಯಕನ ತಲೆ ಉರುಳಿದ್ದನ್ನು ಕಂಡು ದಂಡು ಓಡಿತು, ಅದು ಅವರ ಪದ್ಧತಿ ಎಂಬ ಅರ್ಥದಲ್ಲಿ ಅವನು ಬರೆಯುತ್ತಾನೆ. ಗೆದ್ದವನ ಬಾಯಲ್ಲಿ ಇದು ಹಂಗಿಸುವ ಮಾತು. ನಮ್ಮವರು ಓದುವಾಗ ಕೋಪದಿಂದ ಹಾರಿಸಿಬಿಡುತ್ತಾರೆ. ನನಗೆ ಮಾತ್ರ ಆ ‘ಪದ್ಧತಿ’ ಎಂಬ ಮಾತಿನಲ್ಲಿ ಅವನಿಗೇ ಗೊತ್ತಿಲ್ಲದ ಒಂದು ಸತ್ಯ ಇದ್ದಂತೆ ತೋರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯವನು ಸೀಸರ್ ಫ್ರೆಡರಿಕ್ ಎಂಬ ವೆನಿಸ್ಸಿನ ವ್ಯಾಪಾರಿ. 1567ರಲ್ಲಿ, ಎಂದರೆ ಎರಡೇ ವರ್ಷದ ಮೇಲೆ, ಹಾಳಾದ ರಾಜಧಾನಿಗೆ ಬಂದು ಏಳು ತಿಂಗಳು ಇದ್ದವನು. ಒಂದು ತಿಂಗಳಲ್ಲಿ ಮುಗಿಯುವ ಕೆಲಸವಾದರೂ ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ ಹೊರಡಲಾಗಲಿಲ್ಲವಂತೆ. ರಾಮರಾಯನ ಕೈಕೆಳಗಿದ್ದ ಇಬ್ಬರು ಮುಸಲ್ಮಾನ ದಳಪತಿಗಳು ಕಾಳಗದ ನಡುವೆ ತಿರುಗಿಬಿದ್ದರು, ಅದರಿಂದ ನಾಲ್ಕೇ ಗಂಟೆಯಲ್ಲಿ ಎಲ್ಲ ಮುಗಿಯಿತು ಎಂದು ಹೇಳುವವನು ಇವನೇ. ಅವರ ಹೆಸರನ್ನು ಇವನು ಹೇಳುವುದಿಲ್ಲ. ಗಿಲಾನಿ ಸಹೋದರರು ಎಂಬ ಹೆಸರು ಹಿಂದಿನಿಂದ ಬಂದವರ ಬರಹದಲ್ಲಿ ಸೇರಿತು. ಈಗ ನಮ್ಮ ಭಾಷಣಗಳಲ್ಲಿ, ಗೈಡುಗಳಲ್ಲಿ, ಮದುವೆ ಮನೆಯ ಮಾತುಕತೆಯಲ್ಲಿ ಕಾಳಗ ಎಂದರೆ ಇದೊಂದೇ ಕಥೆ.

ಒಂದು ವರ್ಷ ಚರ್ಚಾಸ್ಪರ್ಧೆಗೆ ಮಕ್ಕಳಿಗೆ ಇದೇ ವಿಷಯ ಕೊಟ್ಟಿದ್ದರು, ‘ವಿಜಯನಗರದ ಪತನಕ್ಕೆ ದ್ರೋಹವೇ ಕಾರಣ’ ಎಂದು. ಪರವಾಗಿ ಮಾತಾಡಿದ ಹುಡುಗರು ಮೇಜು ಕುಟ್ಟಿ ಕುಟ್ಟಿ ಮಾತಾಡಿದರು. ಚಪ್ಪಾಳೆಯೂ ಬಿತ್ತು. ವಿರೋಧವಾಗಿ ಮಾತಾಡಲು ಮುಂದೆ ಬಂದವಳು ಒಂಬತ್ತನೇ ತರಗತಿಯ ಒಬ್ಬ ಮುಸ್ಲಿಂ ಹುಡುಗಿ. ಬರೆದುಕೊಂಡು ಬಂದ ಚೀಟಿಯನ್ನು ಅವಳು ನೋಡಲೇ ಇಲ್ಲ. ‘ತಿರುಗಿಬಿದ್ದವರು ಇಬ್ಬರು ಎಂದು ಎಲ್ಲರೂ ಹೇಳಿದರು. ಹಾಗಾದರೆ ಮಿಕ್ಕವರೆಲ್ಲ ಯಾಕೆ ಓಡಿದರು?’ ಎಂದು ಕೇಳಿ ಕೂತುಬಿಟ್ಟಳು. ಸಮಯ ಪೂರ್ತಿ ಬಳಸಲಿಲ್ಲವೆಂದು ಅವಳಿಗೆ ಅಂಕ ಕಡಿಮೆ ಬಂತು. ನನಗೆ ಮಾತ್ರ ಅಂದು ಆಡಿದ ಮಾತುಗಳಲ್ಲಿ ನೆನಪಿರುವುದು ಅದೊಂದೇ.

ಅವಳ ಪ್ರಶ್ನೆಯಲ್ಲಿ ನೋವಿತ್ತು, ಅದು ಯಾರಿಗಾದರೂ ತಿಳಿಯುವಂಥದು. ಆದರೆ ನೋವಿಗಿಂತ ಹೆಚ್ಚಾಗಿ ಅದರಲ್ಲಿ ವಿಚಾರವಿತ್ತು. ಫ್ರೆಡರಿಕ್ ಹೇಳಿದ್ದು ಪೂರ್ತಿ ನಿಜವೆಂದೇ ಇಟ್ಟುಕೊಳ್ಳಿ. ಅದು ಆ ದಿನದ ಕಣದಲ್ಲಿ ಸೋತದ್ದಕ್ಕೆ ಕಾರಣವಾಗಬಹುದು. ಸೋತ ಮೇಲೆ ಉಳಿದ ಸಾವಿರಾರು ಜನ ಹಂಪಿಯ ಕಡೆ ಬಾರದೆ ಹೋದದ್ದಕ್ಕೆ ಕಾರಣ ಹೇಗಾದೀತು? ಇನ್ನೂ ಒಂದು ಮಾತಿದೆ. ವಿಜಯನಗರದ ಸೈನ್ಯದಲ್ಲಿ ಮುಸಲ್ಮಾನರು ಆಗ ಹೊಸಬರೇನೂ ಅಲ್ಲ. ನೂರು ವರ್ಷಕ್ಕೂ ಹಿಂದೆ ಎರಡನೆಯ ದೇವರಾಯ ಅವರನ್ನು ಬಿಲ್ಲುಗಾರರನ್ನಾಗಿ ಸೇರಿಸಿಕೊಂಡಿದ್ದ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ರಾಮರಾಯನ ಆಶ್ರಯದಲ್ಲಿ ವಿಜಯನಗರದ ಅನ್ನ ಉಂಡವನು. ರಾಮರಾಯನೂ ಎಳೆಯ ವಯಸ್ಸಿನಲ್ಲಿ ಗೋಲ್ಕೊಂಡದ ನೌಕರಿ ಮಾಡಿದವನೇ. ಯಾರು ಯಾರ ಮನೆಯವರು ಎಂದು ಗೆರೆ ಎಳೆಯುವುದು ಆ ಕಾಲದಲ್ಲಿ ನಾವು ಈಗ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ದ್ರೋಹದ ಕಥೆ ನಮಗೆ ಇಷ್ಟು ಪ್ರಿಯವಾಗಲು ಕಾರಣ, ಅದು ಲೆಕ್ಕವನ್ನು ಇಬ್ಬರ ತಲೆಗೆ ಕಟ್ಟಿ ಮಿಕ್ಕವರನ್ನೆಲ್ಲ ಬಿಡುಗಡೆ ಮಾಡುತ್ತದೆ.

ಮೂರನೆಯವನು ರಾಬರ್ಟ್ ಸೀವೆಲ್. ಮದ್ರಾಸು ಆಡಳಿತದಲ್ಲಿ ಅಧಿಕಾರಿಯಾಗಿದ್ದ ಈ ಇಂಗ್ಲಿಷಿನವನು 1900ರಲ್ಲಿ ವಿಜಯನಗರವನ್ನು ‘ಮರೆತುಹೋದ ಸಾಮ್ರಾಜ್ಯ’ ಎಂದು ಕರೆದು ಪುಸ್ತಕ ಬರೆದ. ಪೋರ್ಚುಗೀಸರ ಬರಹಗಳನ್ನು ಇಂಗ್ಲಿಷಿಗೆ ತಂದು ಕೊಟ್ಟ ಉಪಕಾರ ದೊಡ್ಡದು. ಸೀವೆಲ್ ಹೇಳುವ ಕಾರಣ ಗಾಬರಿ. ಸೋಲಿನ ಸುದ್ದಿ ಬಂದದ್ದೇ ಅರಮನೆಯವರು ಐನೂರೈವತ್ತು ಆನೆಗಳ ಮೇಲೆ ಚಿನ್ನ, ವಜ್ರ, ಸಿಂಹಾಸನ ಎಲ್ಲವನ್ನೂ ಹೇರಿಕೊಂಡು ಹೊರಟರು ಎಂದು, ಗೋವೆಯ ಚರಿತ್ರಕಾರ ಕೂಟೊನ ಆಧಾರದ ಮೇಲೆ, ಬರೆಯುತ್ತಾನೆ. ಓದಲು ನಾಟಕದಂತೆ ರೋಚಕವಾಗಿದೆ. ಆದರೆ ಗಾಬರಿಯಾದವರು ಐನೂರೈವತ್ತು ಆನೆಗಳಿಗೆ ಕ್ರಮವಾಗಿ ಹೇರು ಕಟ್ಟುತ್ತಾರೆಯೇ? ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಿದ ಯಾವ ಗೃಹಿಣಿಯೂ ಈ ಮಾತನ್ನು ಒಪ್ಪಲಾರಳು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಅರ್ಧಕ್ಕಿಳಿಸಿದರೂ ಅದು ಗಾಬರಿಯ ಓಟವಾಗಿ ಕಾಣುವುದಿಲ್ಲ, ತೀರ್ಮಾನ ಮಾಡಿ ಹೊರಟದ್ದಾಗಿ ಕಾಣುತ್ತದೆ.

ಇತ್ತೀಚಿನವರಲ್ಲಿ ಗಿರೀಶ ಕಾರ್ನಾಡರು 2018ರಲ್ಲಿ ‘ರಾಕ್ಷಸ ತಂಗಡಿ’ ನಾಟಕ ಬರೆದರು. ದ್ರೋಹದ ಕಥೆಗೆ ಜೋತುಬೀಳದೆ ರಾಮರಾಯನನ್ನೇ ನಡುವೆ ನಿಲ್ಲಿಸಿ, ಅವನ ಅಧಿಕಾರದ ಹಂಬಲದ ಕಡೆ ನೋಡಿದ್ದು ಅವರ ದೊಡ್ಡತನ. ಆದರೆ ನಾಟಕಕ್ಕೆ ಒಬ್ಬ ನಾಯಕ ಬೇಕು. ನಾಯಕ ಬಿದ್ದ ಮೇಲೆ ಸಾವಿರ ಊರುಗಳಿಂದ ಬಂದ ಸಿಪಾಯಿಗಳು ಯಾವ ದಾರಿ ಹಿಡಿದರು ಎಂಬುದು ರಂಗಸ್ಥಳದಲ್ಲಿ ಹಿಡಿಸುವ ವಸ್ತುವಲ್ಲ. ಅದನ್ನು ಹುಡುಕಲು ಇನ್ನೊಬ್ಬನ ಬಳಿ ಹೋಗಬೇಕು.

ಆ ಇನ್ನೊಬ್ಬ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. 1535ರ ಸುಮಾರಿಗೆ ವಿಜಯನಗರದಲ್ಲಿ ಇದ್ದವನು. ರಕ್ಕಸತಂಗಡಿಗೆ ಇನ್ನೂ ಮೂವತ್ತು ವರ್ಷ ಇತ್ತು, ಆದ್ದರಿಂದ ಯಾರ ಪರವಾಗಿಯೂ ಸಾಕ್ಷಿ ಹೇಳುವ ಅಗತ್ಯ ಅವನಿಗಿರಲಿಲ್ಲ. ವ್ಯಾಪಾರಿಯಾದ್ದರಿಂದ ಲೆಕ್ಕ ಬರೆದಿಟ್ಟಿದ್ದಾನೆ. ಭೂಮಿಯೆಲ್ಲ ಅರಸನದು. ಅದನ್ನು ಇನ್ನೂರಕ್ಕೂ ಹೆಚ್ಚು ನಾಯಕರಿಗೆ ಹಂಚಿಕೊಟ್ಟಿದೆ. ಅವರ ಭೂಮಿಯಿಂದ ನೂರಿಪ್ಪತ್ತು ಲಕ್ಷ ಹುಟ್ಟಿದರೆ ಅರವತ್ತು ಲಕ್ಷ ಅರಸನಿಗೆ ಸಲ್ಲಬೇಕು. ಮಿಕ್ಕದ್ದರಲ್ಲಿ ನಾಯಕ ಇಂತಿಷ್ಟು ಕಾಲಾಳು, ಇಂತಿಷ್ಟು ಕುದುರೆ, ಇಂತಿಷ್ಟು ಆನೆ ಸಾಕಿಕೊಂಡು, ಅರಸ ಕರೆದಾಗ ಕರೆತರಬೇಕು. ಇದನ್ನೇ ನಾವು ಅಮರನಾಯಕ ಪದ್ಧತಿ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಪರೀಕ್ಷೆಯಲ್ಲಿ ಟಿಪ್ಪಣಿಗೆ ಬರುತ್ತದೆ. ಎರಡು ಪುಟ ದಾಟಿದರೆ ರಕ್ಕಸತಂಗಡಿ ಬರುತ್ತದೆ. ಆ ಎರಡನ್ನೂ ಸೇರಿಸಿ ಹೇಳುವ ರೂಢಿ ಮಾತ್ರ ಇಲ್ಲ.

ಸೇರಿಸಿ ನೋಡಿದರೆ ಉತ್ತರ ಕಣ್ಣಿಗೆ ಹೊಡೆಯುತ್ತದೆ. ಆ ಸಿಪಾಯಿಗೆ ಅನ್ನ ಹಾಕುತ್ತಿದ್ದವನು ಅವನ ನಾಯಕ. ನಾಯಕನಿಗೆ ಭೂಮಿ ಕೊಟ್ಟವನು ಅರಸ. ಆ ಹೊತ್ತಿಗೆ ಅರಸನ ಹೆಸರಿನಲ್ಲಿ ನಾಯಕರನ್ನು ಹಿಡಿದಿಟ್ಟುಕೊಂಡಿದ್ದದ್ದು ರಾಮರಾಯನ ಕೈ. ಆ ಕೈ ಬಿದ್ದ ಗಳಿಗೆಗೆ ನಾಯಕನಿಗೆ ಹೊಳೆಯುವ ಮೊದಲ ಯೋಚನೆ ಏನು? ತನ್ನ ನಾಡಿನ ಗತಿ ಏನು, ಪಕ್ಕದ ನಾಯಕ ತನಗಿಂತ ಮೊದಲು ಊರು ಸೇರಿದರೆ ಏನು ಮಾಡಿಯಾನು ಎಂಬುದು. ಅವನು ತನ್ನ ಜನರನ್ನು ಕಟ್ಟಿಕೊಂಡು ಊರಿನ ದಾರಿ ಹಿಡಿದ. ಇಂಥವರು ಒಬ್ಬಿಬ್ಬರಲ್ಲ, ಉಳಿದವರಲ್ಲಿ ಹೆಚ್ಚಿನವರು. ಅಬ್ದುಲ್ ರಜಾಕ್ 1443ರಲ್ಲಿ ರಾಜಧಾನಿಗೆ ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾಗಿದ್ದ. ಕೋಟೆ ಏಳು ಸುತ್ತಾದರೇನು, ಕೊತ್ತಳದ ಮೇಲೆ ನಿಲ್ಲುವವರು ಬೇರೆ ಬೇರೆ ಊರಿನ ಅನ್ನ ಉಣ್ಣುವವರಾದರೆ? ತಿರುಮಲ ಹಂಪಿಯಲ್ಲಿ ನಿಂತು ಕಾದಾಡಬೇಕಿತ್ತು ಎನ್ನುವವರು ಯಾರನ್ನು ನಿಲ್ಲಿಸಿಕೊಂಡು ಎಂದು ಹೇಳುವುದಿಲ್ಲ.

ಇದು ನಮಗೆ ತಿಳಿಯದ ಸಂಗತಿಯೇ? ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಹಿರಿಯ ಬದುಕಿರುವ ತನಕ ಒಂದೇ ಒಲೆ. ಅವನು ಕಣ್ಣುಮುಚ್ಚಿದ ಮೇಲೆ ಹದಿಮೂರನೇ ದಿನದ ಊಟದ ಎಲೆ ಎತ್ತುವ ಮೊದಲೇ ಪಾಲಿನ ಮಾತು ಶುರು. ಆಗ ಮನೆ ಮುರಿದದ್ದು ಯಾಕೆ ಎಂದು ಕೇಳಿದರೆ ಎಲ್ಲರೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಾರೆ, ಹೊರಗಿನಿಂದ ಬಂದ ಸೊಸೆಯ ಕಡೆಗೆ. ಒಲೆ ಒಂದಾಗಿದ್ದರೂ ಲೆಕ್ಕದ ಪುಸ್ತಕಗಳು ಬೇರೆಬೇರೆ ಇದ್ದುವೆಂದು ಯಾರೂ ಹೇಳುವುದಿಲ್ಲ. ಕಾಳಗದ ಕಥೆಯಲ್ಲಿ ಆ ಇಬ್ಬರು ದಳಪತಿಗಳದು ಸೊಸೆಯ ಪಾಡು. ಅವರು ತಪ್ಪು ಮಾಡಿದರೋ ಇಲ್ಲವೋ, ಮನೆ ಮುರಿಯಲು ಅವರೊಬ್ಬರೇ ಸಾಕಾಗುವುದಿಲ್ಲ.

ನಾಯಕರು ಊರಿಗೆ ಹೋದರು ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ಹಂಪಿಗೆ ಹೋಗಬೇಕಾಗಿಲ್ಲ, ನಮ್ಮ ಹಾಸನ ಸೀಮೆಯಲ್ಲೇ ಬೇಕಾದಷ್ಟಿದೆ. ಬೇಲೂರಿನ ನಾಯಕರ ಮನೆತನ ಎದ್ದದ್ದು ಕೃಷ್ಣದೇವರಾಯನ ಊಳಿಗದಿಂದ. ಅದೇ ಐಗೂರು ವಂಶದ ಕೃಷ್ಣಪ್ಪ ನಾಯಕ ಅರಕಲಗೂಡನ್ನು ಕಟ್ಟಿ ಕೋಟೆ ಹಾಕಿಸಿದ್ದು 1568ರಲ್ಲಿ ಎಂದು ಗೆಜೆಟಿಯರ್ ಹೇಳುತ್ತದೆ. ಇಸವಿಯನ್ನು ಗಮನಿಸಿ, ಕಾಳಗವಾಗಿ ಮೂರೇ ವರ್ಷ. ರಾಜಧಾನಿಯಲ್ಲಿ ಹುಲಿಗಳು ಓಡಾಡುತ್ತಿದ್ದವು ಎಂದು ಫ್ರೆಡರಿಕ್ ಬರೆದ ಮಾರನೆಯ ವರ್ಷ ಇಲ್ಲಿ ಹೇಮಾವತಿಯ ಸೀಮೆಯಲ್ಲಿ ಹೊಸ ಊರು, ಹೊಸ ಕೋಟೆ ಎದ್ದಿತು. 1600ರ ಸುಮಾರಿಗೆ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಕೊಳತೂರು ಎಂಬ ಊರಿನಲ್ಲಿ ಚನ್ನಿಗರಾಯನ ಗುಡಿ ಕಟ್ಟಿಸಿದ. ಅದೇ ನಮ್ಮ ಚನ್ನರಾಯಪಟ್ಟಣವಾಯಿತು. ದಿನವೂ ಬಸ್ಸಿನಲ್ಲಿ ಹಾದುಹೋಗುವ ಈ ಊರುಗಳ ಹೆಸರನ್ನು ನಾವು ಆ ಸೋಲಿನ ಜೊತೆ ಎಂದೂ ಸೇರಿಸಿ ಓದುವುದಿಲ್ಲ. ಹಂಪಿಯ ಕಲ್ಲಿನ ರಥದ ಮುಂದೆ ನಿಂತು ಕಣ್ಣೀರು ಹಾಕುತ್ತೇವೆ. ಅಲ್ಲಿ ನಿಲ್ಲಬೇಕಾಗಿದ್ದ ಬಲ ಚದುರಿ ಬಂದು ಕಟ್ಟಿದ ಊರುಗಳಲ್ಲಿ ಸಂತೆ ಮಾಡಿಕೊಂಡು ಮನೆಗೆ ಬರುತ್ತೇವೆ. ಒಂದು ದೊಡ್ಡ ಮನೆ ಮುರಿದದ್ದರಿಂದಲೇ ಹತ್ತು ಚಿಕ್ಕ ಮನೆಗಳಾದವು. ಇದರಲ್ಲಿ ಹೆಮ್ಮೆಯೂ ಬೇಡ, ನಾಚಿಕೆಯೂ ಬೇಡ. ನಡೆದದ್ದು ಹೀಗೆ.

ಇನ್ನು ತಿರುಮಲನ ಮಾತು. ಅವನನ್ನು ಹೇಡಿ ಎಂದು ಬರೆದವರಿದ್ದಾರೆ. ನನಗೆ ಹಾಗೆ ಅನ್ನಲು ಮನಸ್ಸು ಬರುವುದಿಲ್ಲ. ಅಣ್ಣ ಹೋಗಿದ್ದಾನೆ, ತಮ್ಮ ಹೋಗಿದ್ದಾನೆ, ತನ್ನದೇ ಒಂದು ಕಣ್ಣು ಆ ಕಾಳಗದಲ್ಲಿ ಹೋಯಿತೆಂದು ಸೀವೆಲ್ ಬರೆಯುತ್ತಾನೆ. ಬೊಕ್ಕಸವನ್ನೂ ಪಟ್ಟದ ಅರಸನನ್ನೂ ಉಳಿಸಿಕೊಂಡರೆ ರಾಜ್ಯವನ್ನು ಇನ್ನೆಲ್ಲಾದರೂ ನಿಲ್ಲಿಸಬಹುದು ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಾಗಲಿಲ್ಲ. ಅವನಿಂದ ಶುರುವಾದ ಅರವೀಡು ವಂಶ ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರು ಎಂದು ಜಾಗ ಬದಲಿಸುತ್ತ ಇನ್ನೂ ಎಂಬತ್ತು ವರ್ಷ ಆಳಿತು. ಹಂಪಿಗೆ ಹಿಂದಿರುಗಿ ಊರನ್ನು ಮತ್ತೆ ತುಂಬಿಸುವ ಪ್ರಯತ್ನವನ್ನೂ ಅವನು ಮಾಡಿದ. ಅಲ್ಲಿ ಎಡವಿದ್ದು ಹೇಗೆ ಎಂಬುದಕ್ಕೆ ಫ್ರೆಡರಿಕ್ ಒಂದು ಸಂಗತಿ ಹೇಳುತ್ತಾನೆ. ಕುದುರೆ ತಂದರೆ ಒಳ್ಳೆಯ ಬೆಲೆ ಕೊಡುತ್ತೇನೆಂದು ಗೋವೆಯ ವ್ಯಾಪಾರಿಗಳಿಗೆ ಹೇಳಿಕಳಿಸಿದ. ಯುದ್ಧದಲ್ಲಿ ಕಳೆದುಹೋದ ತನ್ನದೇ ಮುದ್ರೆಯ ಕುದುರೆಗಳಾದರೂ ಸರಿ, ಕೇಳಿದಷ್ಟು ಕೊಡುತ್ತೇನೆಂದ. ಅವರು ನಂಬಿ ತಂದರು. ಇನ್ನು ಬರುವ ಕುದುರೆ ಇಲ್ಲವೆಂದು ಗೊತ್ತಾದ ಮೇಲೆ ಒಂದು ಕಾಸೂ ಕೊಡದೆ ಬರಿಗೈಯಲ್ಲಿ ಕಳಿಸಿದ. ಆ ಬಡಪಾಯಿಗಳು ಹುಚ್ಚು ಹಿಡಿದವರಂತಾದರಂತೆ. ನಂಬಿಕೆ ಕೆಟ್ಟ ಪೇಟೆಗೆ ಯಾರು ಬಂದಾರು? 1567ರಲ್ಲಿ ಆಸ್ಥಾನ ಪೆನುಗೊಂಡೆಗೇ ಹೋಗಿ ನೆಲೆಸಿತು.

ತಿರುಮಲನ ಮೇಲೆ ನನಗಿರುವ ಆಕ್ಷೇಪ ಬೇರೆ, ಆ ಆಕ್ಷೇಪ ಇತಿಹಾಸ ಬರೆದವರ ಮೇಲೂ ಇದೆ. ಸೀವೆಲ್ ತನ್ನ ಪುಸ್ತಕದಲ್ಲಿ ಒಂದು ಕಡೆ ಹಾಗೇ ಹೇಳಿಹೋಗುವ ಸಣ್ಣ ವಿವರವೊಂದಿದೆ. ರಾಜಧಾನಿಯ ಜನ ಓಡಿಹೋಗುವಂತಿರಲಿಲ್ಲ, ಯಾಕೆಂದರೆ ಊರಿನ ಗಾಡಿಗಳೂ ಹೇರಿನ ಎತ್ತುಗಳೂ ಬಹುಮಟ್ಟಿಗೆ ಸೈನ್ಯದ ಹಿಂದೆ ಹೋಗಿದ್ದವು, ಹಿಂದಿರುಗಿರಲಿಲ್ಲ. ಇದ್ದಬದ್ದದ್ದನ್ನು ಹೂತಿಟ್ಟು, ಹುಡುಗರ ಕೈಗೆ ಆಯುಧ ಕೊಟ್ಟು, ಕಾಯುತ್ತ ಕೂರುವುದಷ್ಟೇ ಅವರಿಗೆ ಉಳಿದ ದಾರಿ. ಸುಲ್ತಾನರು ಬರುವ ಮೊದಲೇ ಸುತ್ತಲಿನ ಲೂಟಿಗಾರರು ಒಂದೇ ದಿನ ಆರು ಸಲ ಮೇಲೆ ಬಿದ್ದರು ಎಂದೂ ಬರೆಯುತ್ತಾನೆ.

ಈ ವಿವರವನ್ನು ಓದಿದ ಮೇಲೆ ನನಗೆ ಕಾಳಗದ ಚಿತ್ರವೇ ಬದಲಾಯಿತು. ಸೈನ್ಯ ಯಾಕೆ ಹಿಂದೆ ಸರಿಯಿತು ಎಂದು ನಾವು ವಾದ ಮಾಡುತ್ತೇವೆ. ಹಿಂದೆ ಸರಿಯುವುದಕ್ಕೂ ಗಾಡಿ ಬೇಕು, ಎತ್ತು ಬೇಕು. ನಾಯಕರಿಗೆ ಕುದುರೆಗಳಿದ್ದವು, ತಿರುಮಲನಿಗೆ ಆನೆಗಳಿದ್ದವು. ಊರಿನ ಹೂವಾಡಗಿತ್ತಿ, ನೇಕಾರರ ಮುದುಕಿ, ದಂಡಿಗೆ ಹೋದ ಗಂಡ ಎತ್ತ ಹೋದನೆಂದು ತಿಳಿಯದ ಬಾಣಂತಿ, ಇವರಿಗೆ ಯಾವುದೂ ಇರಲಿಲ್ಲ. ಇವರಿಗೆ ಸೋತು ಓಡುವ ಅವಕಾಶವನ್ನೂ ಯಾರೂ ಕೊಡಲಿಲ್ಲ. ನೂನಿಜ್‌ನ ಲೆಕ್ಕದಲ್ಲಿ ಪ್ರತಿ ನಾಯಕ ತರಬೇಕಾದ ಕುದುರೆ, ಆನೆ, ಕಾಲಾಳುಗಳ ಸಂಖ್ಯೆ ಇದೆ. ಸೋತರೆ ಊರಿನವರನ್ನು ಕಾಯುವವರು ಯಾರು ಎಂಬ ಕಲಮು ಇಲ್ಲ. ಅದನ್ನು ಬರೆಯಲು ಯಾರಿಗೂ ತೋಚಿರಲಿಲ್ಲ. ನಾನೂರೈವತ್ತು ವರ್ಷದಿಂದ ಕಾಳಗದ ಬಗ್ಗೆ ಬರೆಯುತ್ತ ಬಂದವರಿಗೂ ಅಷ್ಟಾಗಿ ತೋಚಿಲ್ಲ. ದ್ರೋಹಿಗಳನ್ನು ಹುಡುಕಿದಷ್ಟು ಶ್ರದ್ಧೆಯಿಂದ ಆ ಗಾಡಿಗಳನ್ನು ಹುಡುಕಿದ್ದರೆ ನಮ್ಮ ಮಕ್ಕಳು ಬೇರೆಯೇ ಪಾಠ ಓದುತ್ತಿದ್ದರು.

ಈ ಹಿಮ್ಮೆಟ್ಟುವಿಕೆಯ ಕಥೆಗೆ ಒಂದು ಕೊನೆಯಿದೆ, ಅದು ನಡೆದದ್ದು ನಮ್ಮ ಜಿಲ್ಲೆಯಲ್ಲಿ. ಅರವೀಡು ವಂಶದ ಕಡೆಯ ಅರಸ ಮೂರನೆಯ ಶ್ರೀರಂಗರಾಯ. 1640ರ ದಶಕದಲ್ಲಿ ವೆಲ್ಲೂರು ಕೈಬಿಟ್ಟ ಮೇಲೆ ಅವನಿಗೆ ನಿಲ್ಲಲು ನೆಲೆಯಿಲ್ಲದಂತಾಯಿತು. ಆಗ ಆಸರೆ ಕೊಟ್ಟವನು ಕೆಳದಿಯ ಶಿವಪ್ಪ ನಾಯಕ. 1659ರ ಸುಮಾರಿಗೆ ಬೇಲೂರನ್ನು ಅವನಿಗೆ ಬಿಟ್ಟುಕೊಟ್ಟ, ಅವನ ಹೆಸರಿನಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆಯನ್ನೂ ಹಾಕಿದ. ಮುತ್ತಿಗೆ ಫಲಿಸಲಿಲ್ಲ. ರಕ್ಕಸತಂಗಡಿಯಿಂದ ಹೊರಟ ಸಿಂಹಾಸನ ತೊಂಬತ್ತು ವರ್ಷ ಅಲೆದು, ಚನ್ನಕೇಶವನ ಊರಿನಲ್ಲಿ ಒಬ್ಬ ನಾಯಕನ ಅತಿಥಿಯಾಗಿ ಕುಳಿತಿತು. ನಾಯಕರಿಗೆ ಭೂಮಿ ಹಂಚುತ್ತಿದ್ದ ಮನೆಗೆ ಕಡೆಗೆ ಭೂಮಿ ಕೊಟ್ಟವನು ನಾಯಕನೇ.

ಬೇಲೂರಿಗೆ ಪ್ರವಾಸ ಹೋದಾಗ ಮಕ್ಕಳಿಗೆ ಶಿಲಾಬಾಲಿಕೆಯರನ್ನು ತೋರಿಸುತ್ತೇವೆ, ಹೊಯ್ಸಳರ ಹೆಸರು ಹೇಳುತ್ತೇವೆ. ಅದರ ಜೊತೆಗೆ ಈ ಒಂದು ಮಾತನ್ನೂ ಹೇಳಿದರೆ ಒಳ್ಳೆಯದು. ಆಮೇಲೆ ಯಾರಾದರೂ ರಕ್ಕಸತಂಗಡಿಯ ಪ್ರಸ್ತಾಪ ಎತ್ತಿ ಆ ಇಬ್ಬರ ಹೆಸರು ಹೇಳಿದಾಗ, ಒ೦ಬತ್ತನೇ ತರಗತಿಯ ಆ ಹುಡುಗಿ ಕೇಳಿದ ಪ್ರಶ್ನೆಯನ್ನು ನಮ್ಮ ಮಕ್ಕಳೂ ಕೇಳಲಿ. ಅದರ ಮೇಲೆ ಇನ್ನೂ ಒಂದು ಕೇಳಲಿ, ಊರಿನವರಿಗೆ ಗಾಡಿ ಸಿಕ್ಕಿತೇ ಎಂದು.